ಮೈಕ್ ಮೇಡಂ ಸಾಮಾನ್ಯ ಸದಸ್ಯೆಯಾದದ್ದು

ಗ್ರಂಥಪಾಲಕರೆಂದರೆ ಮೆಲ್ಲಗೆ ಮಾತಾಡುವವರು ಎಂದು ನಂಬಿಕೊಂಡವರು ಮೈಕ್ ಮೇಡಂ ಅವರನ್ನು ಒಮ್ಮೆ ನೋಡಬೇಕಿತ್ತು. ನೋಡುವುದೇನು ಬಂತು, ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದರೂ ಸಾಕಿತ್ತು, ಕೇಳಿಸುತ್ತಿತ್ತು. ಮೊದಲ ಮಹಡಿಯ ಕೊನೆಯಲ್ಲಿ, ಎಕ್ಸ್‌ರೇ ವಿಭಾಗವನ್ನು ದಾಟಿದ ಮೇಲೆ, ಎರಡು ಕಿಟಕಿಗಳ ಒಂದು ಉದ್ದನೆಯ ಕೋಣೆ ಅವರ ಲೈಬ್ರರಿ. ಅಲ್ಲಿಂದ "ಯಾರ್ರೀ ಅದು ಪುಸ್ತಕ ಬೋರಲು ಹಾಕಿ ಹೋದೋರು? ಬೆನ್ನು ಮುರಿಯಲ್ವಾ ಅದಕ್ಕೆ?" ಎಂಬ ಕೂಗು ಎದ್ದರೆ, ಕೆಳಗೆ ಮೂಳೆ ವಿಭಾಗದ ಬೆಂಚಿನ ಮೇಲೆ ಕೂತ ರೋಗಿಗಳು ತಮಗೇ ಹೇಳಿದ್ದೇನೋ ಎಂದು ನೆಟ್ಟಗೆ ಕೂರುತ್ತಿದ್ದರು.

ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ. ಓದು ಮುಗಿಸಿ ಮೇಡಂ ಮೊದಲು ಕೆಲಸಕ್ಕೆ ಸೇರಿದ್ದು ಒಂದು ಬಟ್ಟೆ ಗಿರಣಿಯ ಲೈಬ್ರರಿಯಲ್ಲಿ. ಮಗ್ಗಗಳ ಷೆಡ್ಡಿಗೂ ಲೈಬ್ರರಿಗೂ ನಡುವೆ ಇದ್ದದ್ದು ಬರೀ ಒಂದು ತಗಡಿನ ಗೋಡೆ. ಕಾದಂಬರಿ ಬೇಕೆಂದು ಬರುವ ಮಗ್ಗದವರು, ಯಂತ್ರದ ನಕ್ಷೆ ಬೇಕೆಂದು ಬರುವ ಎಂಜಿನಿಯರುಗಳು, ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡೇ ಬರುತ್ತಿದ್ದರು. ಅಲ್ಲಿ ಮೆಲ್ಲಗೆ ಮಾತಾಡುವುದೆಂದರೆ ಸುಮ್ಮನೆ ತುಟಿ ಅಲ್ಲಾಡಿಸಿದ ಹಾಗೆ. ಕೊನೆಗೊಂದು ದಿನ ಗಿರಣಿ ಬಾಗಿಲು ಹಾಕಿತು. ಕೆಲಸ ಹೋಯಿತು, ಗಂಟಲು ಮಾತ್ರ ಮೇಡಂ ಜೊತೆಯಲ್ಲೇ ಆಸ್ಪತ್ರೆಗೆ ಬಂತು.

ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಯಜಮಾನರದು ಕನ್ನಡಕದ ಅಂಗಡಿ. ಇಡೀ ದಿನ ಗಿರಾಕಿಗಳನ್ನು "ಇದು ಚೆನ್ನಾಗಿ ಕಾಣ್ತಾ, ಅದು ಚೆನ್ನಾಗಿ ಕಾಣ್ತಾ" ಎಂದು ಕೇಳಿ ಕೇಳಿ ಸುಸ್ತಾಗಿ, ಮನೆಗೆ ಬಂದ ಮೇಲೆ ಮಾತಿನ ಪಾಲನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟವರು. ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸೊಸೆಯ ದನಿ ಅವರಿಗೆ ವರವೇ ಆಗಿತ್ತು. ಮೇಲಿನ ಮಹಡಿಯಲ್ಲಿ ಮೈದುನ, ಅವನ ಹೆಂಡತಿ. ಈ ಮೈದುನನೇ ಮುಂದಿನ ತಲೆನೋವಿಗೆಲ್ಲ ಅರ್ಧ ಕಾರಣ. ಉಳಿದ ಅರ್ಧಕ್ಕೆ ಮೇಡಂ ಅವರೇ ಕಾರಣ, ಅದನ್ನೂ ಹೇಳಿಬಿಡಬೇಕು.

ಆಸ್ಪತ್ರೆಯಲ್ಲಿ ಮೇಡಂಗೆ ಎರಡು ಕೆಲಸ. ಬೆಳಗ್ಗೆ ಡಾಕ್ಟರುಗಳು ನುಗ್ಗುತ್ತಿದ್ದರು. ಯಾವುದೋ ಔಷಧಿ ವಯಸ್ಸಾದವರ ಮೂತ್ರಪಿಂಡಕ್ಕೆ ಏನು ಮಾಡುತ್ತದೆ, ಯಾರು ಎಲ್ಲಿ ಏನು ಬರೆದಿದ್ದಾರೆ, ಆಪರೇಷನ್ ಶುರುವಾಗುವುದರೊಳಗೆ ಬೇಕು. ಮೇಡಂ ಬೈಯುತ್ತಲೇ ಕಂಪ್ಯೂಟರಿನಲ್ಲಿ ಕೆದಕಿ ಕೆದಕಿ ಹುಡುಕಿಕೊಡುತ್ತಿದ್ದರು. "ನಿನ್ನೆ ಇಡೀ ದಿನ ಏನ್ಮಾಡ್ತಿದ್ರಿ ಡಾಕ್ಟ್ರೇ? ರೋಗಿ ಇವತ್ತು ತಾನೇ ಹುಟ್ಟಿ ಬಂದ್ನಾ?" ಎಂದು ಕೇಳುತ್ತಿದ್ದರು. ಮಧ್ಯಾಹ್ನದ ಮೇಲೆ ರೋಗಿಗಳ ಕಡೆಯವರು ಬರುತ್ತಿದ್ದರು. ವಾರ್ಡಿನ ಹೊರಗೆ ಕಾದು ಕಾದು ಬೇಸತ್ತವರಿಗಾಗಿ ಎರಡು ಬೀರು ತುಂಬ ಕಥೆ ಕಾದಂಬರಿಗಳಿದ್ದವು. ಯಾರೋ ಕೊಟ್ಟದ್ದು, ಮೇಡಂ ಬೇಡಿ ತಂದದ್ದು, ಕೆಲವು ಗಿರಣಿಯ ಮುದ್ರೆ ಹೊತ್ತವು.

ಆ ಹೊತ್ತಿಗೆ ತಪ್ಪದೆ ಬರುತ್ತಿದ್ದವರು ಕಿಟಕಿ ತಾತ. ಯಾವಾಗಲೂ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರಿಂದ ಆ ಹೆಸರು. ಅವರ ಹೆಂಡತಿ ಮೇಲಿನ ವಾರ್ಡಿನಲ್ಲಿದ್ದರು. ಪಾರ್ಶ್ವವಾಯು ಬಡಿದು ಒಂದು ಮಗ್ಗುಲೂ ಮಾತೂ ಬಿದ್ದುಹೋಗಿದ್ದವು. ತಾತ ಪತ್ತೇದಾರಿ ಕಾದಂಬರಿ ಒಯ್ದು ಮಂಚದ ಪಕ್ಕ ಕೂತು ಓದಿ ಹೇಳುತ್ತಿದ್ದರು. ಕೊಲೆಗಾರನ ಕೈ ಬಾಗಿಲ ಚಿಲಕದ ಮೇಲೆ ಬಿತ್ತು ಎನ್ನುವಲ್ಲಿ ಬೇಕೆಂದೇ ನಿಲ್ಲಿಸುತ್ತಿದ್ದರಂತೆ. "ಆಗ ನೋಡ್ಬೇಕಮ್ಮ ಅವಳನ್ನ. ಕಣ್ಣಲ್ಲೇ ಬೈತಾಳೆ. ಮುಂದೆ ಓದು ಅಂತ ಬೆರಳು ಅಲ್ಲಾಡಿಸ್ತಾಳೆ," ಎಂದು ತಾತ ಹೇಳಿದಾಗ, ಮೇಡಂ ಬೀರುವಿನ ತಳದಿಂದ ಇನ್ನೂ ದಪ್ಪನೆಯದೊಂದನ್ನು ಹುಡುಕಿ ಕೊಟ್ಟಿದ್ದರು.

ಎರಡು ಕೆಲಸವಿದ್ದುದರಿಂದ ಮೇಡಂ ಎರಡು ಕಡೆಯೂ ಸದಸ್ಯೆ. ಗಿರಣಿಯ ಕಾಲದಿಂದ ಗ್ರಂಥಪಾಲಕರ ಸಂಘದಲ್ಲಿ, ಆಸ್ಪತ್ರೆಗೆ ಬಂದ ಮೇಲೆ ಮಾಹಿತಿ ತಜ್ಞರ ಒಕ್ಕೂಟದಲ್ಲಿ. ಈ ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಪುಸ್ತಕದ ಧೂಳು ಒರೆಸಿ ಗೊತ್ತಿಲ್ಲದವರು ಎಂದು ಸಂಘದವರು ಒಕ್ಕೂಟದವರನ್ನು ಅನ್ನುವುದು, ರಬ್ಬರ್ ಸ್ಟಾಂಪು ಒತ್ತುವುದಷ್ಟೇ ಗೊತ್ತಿರುವವರು ಎಂದು ಅವರು ಇವರನ್ನು ಅನ್ನುವುದು. ಕೊನೆಗೆ ಎರಡು ಕಡೆಯೂ ಜನ ಕರಗುತ್ತಾ ಬಂದು, ವಾರ್ಷಿಕ ಸಭೆಗೆ ತಂದ ಬಿಸ್ಕತ್ತು ಉಳಿದುಹೋಗತೊಡಗಿದಾಗ, ವಿಲೀನವೇ ದಾರಿ ಎಂದು ತೀರ್ಮಾನವಾಯಿತು. ಹೊಸ ಸಂಸ್ಥೆಗೆ ಎರಡು ಶಾಖೆ, ಒಂದು ಗ್ರಂಥಪಾಲಕರದು, ಇನ್ನೊಂದು ತಜ್ಞರದು. ಯಾರು ಯಾವ ದರ್ಜೆಯ ಸದಸ್ಯರು ಎಂದು ಗೊತ್ತುಮಾಡಲು ಒಂದು ಉಪಸಮಿತಿ. ಮೈಕ್ ಮೇಡಂ ಎರಡು ಕಡೆಯವರೂ ಆದ್ದರಿಂದ ಅವರನ್ನು ಹಾಕಿದರು. ಎರಡು ಕಡೆಯವರೂ ಆದ್ದರಿಂದಲೇ ಎರಡು ಕಡೆಯವರೂ ಅವರನ್ನು ಅನುಮಾನದಿಂದ ನೋಡಿದರು. ಔಷಧಿ ಕಂಪನಿಯೊಂದರಲ್ಲಿ ಮಾಹಿತಿ ತಜ್ಞನಾಗಿದ್ದ ಮೈದುನ ಒಕ್ಕೂಟದ ಪರವಾಗಿ ಬಂದ.

ಉಪಸಮಿತಿ ಸೇರುತ್ತಿದ್ದದ್ದು ಗ್ರಂಥಪಾಲಕರ ಸಂಘದ ಹಳೆಯ ಸಭಾಂಗಣದಲ್ಲಿ, ಸುತ್ತುವಾಗೆಲ್ಲ ಕಿರ್ ಎನ್ನುವ ಫ್ಯಾನಿನ ಕೆಳಗೆ. ಅಧ್ಯಕ್ಷರು ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಪುಸ್ತಕಗಳಿಗೆ ವರ್ಗಸಂಖ್ಯೆ ಕೊಟ್ಟು ನಿವೃತ್ತರಾದವರು. ಅವರ ಕೈಗೆ ಜಗತ್ತನ್ನು ಕೊಟ್ಟರೂ ಮೊದಲು ಬೆನ್ನಿಗೊಂದು ಚೀಟಿ ಅಂಟಿಸುವ ಜಾತಿ. ಇಂಥವರ ಕೈಗೆ ಜೀವಂತ ಮನುಷ್ಯರನ್ನು ಕೊಟ್ಟು ವಿಂಗಡಿಸಿ ಎಂದರೆ ಇನ್ನೇನಾಗುತ್ತದೆ? ಪೂರ್ಣ ಸದಸ್ಯ, ಸಹ ಸದಸ್ಯ, ಉಪ ಸಹ ಸದಸ್ಯ, ಗೌರವ ಸದಸ್ಯ, ನಿವೃತ್ತ ಸದಸ್ಯ, ನಿವೃತ್ತ ಗೌರವ ಸದಸ್ಯ ಹುಟ್ಟಿದರು. ನಿವೃತ್ತನಾದವನು ಮತ್ತೆ ಕಾಲೇಜಿಗೆ ಸೇರಿದರೆ ಅವನು ವಿದ್ಯಾರ್ಥಿಯೋ ನಿವೃತ್ತನೋ ಎಂಬ ಒಂದೇ ಪ್ರಶ್ನೆಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಅಂಥವನು ಒಬ್ಬನೂ ಇಲ್ಲವಲ್ಲ ಎಂದು ಮೇಡಂ ಹೇಳಿದ್ದಕ್ಕೆ ಅಧ್ಯಕ್ಷರು ಬೇಸರದಿಂದ ನೋಡಿದರು.

"ನಾಳೆ ಬಂದರೆ ಎಲ್ಲಿಡ್ತೀರಮ್ಮ?" ಎಂದರು.

"ಕುರ್ಚಿ ಮೇಲೆ ಕೂರಿಸ್ತೀನಿ ಸಾರ್, ಇನ್ನೆಲ್ಲಿಡೋದು?"

"ಸ್ವಲ್ಪ ಮೆಲ್ಲಗೆ."

ಅಲ್ಲಿ ಮುಗಿಯದ ಜಗಳ ಮನೆಯ ಮೆಟ್ಟಿಲ ಮೇಲೆ ಮುಂದುವರಿಯುತ್ತಿತ್ತು. ಮೈದುನ ಮೇಲಿನಿಂದ ಬಗ್ಗಿ, "ಅತ್ತಿಗೆ, ಪುಸ್ತಕ ಅನ್ನೋದು ಒಂದು ಡಬ್ಬಿ ಅಷ್ಟೇ. ಮುಖ್ಯ ಒಳಗಿರೋ ಮಾಹಿತಿ," ಅನ್ನುವುದು, ಮೇಡಂ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಿಡಿದುಕೊಂಡೇ ಬಂದು, "ಹಾಗಾದ್ರೆ ನಿನ್ನ ತಲೆನೂ ಒಂದು ಡಬ್ಬಿನೇ ಕಣೋ. ಅದೂ ಖಾಲಿ ಡಬ್ಬಿ," ಅನ್ನುವುದು. ಒಮ್ಮೆ ಅತ್ತೆ ತಡೆಯಲಾರದೆ ನಡುವೆ ಬಾಯಿ ಹಾಕಿದರು. "ಅಲ್ರಪ್ಪ, ನೀವಿಬ್ರೂ ಮಾಡೋದು ಒಂದೇ ಕೆಲ್ಸ ತಾನೇ?"

"ಒಂದೇ ಅಲ್ಲ!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು. ಅಷ್ಟು ದಿನದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಆಮೇಲೆ ಬಂತು ಎರಡೂ ಕೆಲಸ ಮಾಡುವವರ ಪ್ರಶ್ನೆ. ಅವರನ್ನು ಯಾವ ಶಾಖೆಗೆ ಹಾಕುವುದು? ನಮಗೆ ಬೇಕು ಎಂದು ಎರಡು ಕಡೆಯವರೂ ಎಳೆದಾಡಿದರು, ಚುನಾವಣೆಯಲ್ಲಿ ಓಟು ಬೇಕಲ್ಲ. ಮೈದುನನಂತೂ ಎದ್ದು ನಿಂತು, ತಾನು ಕಂಪನಿಯಲ್ಲಿ ಪುಸ್ತಕಗಳನ್ನೂ ನೋಡಿಕೊಳ್ಳುತ್ತೇನೆ, ಮಾಹಿತಿಯನ್ನೂ ಹುಡುಕುತ್ತೇನೆ, ತನ್ನಂಥವರೇ ನಾಳಿನ ಜನ ಎಂದು ಒಂದು ಭಾಷಣ ಬಿಗಿದ. ಮೇಡಂಗೆ ಮೈ ಉರಿದುಹೋಯಿತು. ಅವನು ನೋಡಿಕೊಳ್ಳುವ ಪುಸ್ತಕಗಳ ಮೇಲೆ ಕಾಫಿ ಲೋಟದ ಉಂಗುರಗಳಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು.

"ಸಾರ್, ಇಷ್ಟು ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು ಮೇಡಂ. ಫ್ಯಾನಿನ ಕಿರ್ ಕೂಡ ಆ ದನಿಯಲ್ಲಿ ಮುಳುಗಿತು. "ಒಂದು ಪುಸ್ತಕ ಎರಡು ಕಡೆಗೂ ಸೇರುತ್ತೆ, ಎಲ್ಲಿಡಬೇಕು ಅಂತ ಜಗಳ ಹರಿಯಲ್ಲ ಅಂದ್ರೆ ನಾವೇನು ಮಾಡ್ತೀವಿ? ಎತ್ತಿ ಸಾಮಾನ್ಯ ಕಪಾಟಿಗೆ ಹಾಕ್ತೀವಿ. ಇವರನ್ನೂ ಹಾಗೇ ಹಾಕಿ. ಎರಡು ದೋಣಿ ಮೇಲೆ ಕಾಲಿಟ್ಟೋರೆಲ್ಲ ಸಾಮಾನ್ಯ ಸದಸ್ಯರು. ಓಟೂ ಬೇಡ, ಕಚ್ಚಾಟನೂ ಬೇಡ."

ಇದು ಬರೀ ಸಿಟ್ಟಿನ ಮಾತು. ಮೈದುನನ ಮೂಗಿಗೆ ತಾಗಲಿ ಎಂದು ಎಸೆದದ್ದು. ಆದರೆ ಅಧ್ಯಕ್ಷರ ಮುಖ ಅರಳಿತು. ಜನರೂ ಪುಸ್ತಕಗಳ ಹಾಗೆಯೇ ಎಂದು ಯಾರಾದರೂ ಹೇಳಲಿ ಎಂದು ಅವರು ಎಷ್ಟೋ ಕಾಲದಿಂದ ಕಾಯುತ್ತಿದ್ದಂತಿತ್ತು. ತನಗೆ ಸಿಗದಿದ್ದರೂ ಪರವಾಗಿಲ್ಲ, ಎದುರಿನವರಿಗೆ ಸಿಗಬಾರದು ಎಂದು ಎರಡು ಕಡೆಯವರೂ ಕೈ ಎತ್ತಿದರು. ಅದರ ಬೆನ್ನಿಗೇ ಮೈದುನ ತನ್ನದೊಂದು ನಿಯಮ ತುರುಕಿದ. ಸಾಮಾನ್ಯ ವರ್ಗ ಬೇಡವೆನ್ನುವವರು ಒಂದು ಶಾಖೆಯನ್ನು ಬಿಟ್ಟುಕೊಟ್ಟರೆ ಇನ್ನೊಂದರಲ್ಲಿ ಪೂರ್ಣ ಸದಸ್ಯರಾಗಬಹುದು, ಆದರೆ ಒಮ್ಮೆ ಬಿಟ್ಟ ಶಾಖೆಗೆ ಮತ್ತೆ ಸೇರುವಂತಿಲ್ಲ. ಚುನಾವಣೆ ಬಂದಾಗ ಆಚೆ ಈಚೆ ಹಾರುವವರಿಗೆ ಇದೇ ಮದ್ದು ಎಂದು ಹೇಳಿ, ಅತ್ತಿಗೆಯ ಕಡೆ ಒಮ್ಮೆ ನೋಡಿ ಕೂತ. ಅದೂ ಪಾಸಾಯಿತು.

ಮೇಡಂ ತಾವೂ ಎರಡು ಕಡೆಯವರು ಎಂಬುದನ್ನು ಹೇಗೆ ಮರೆತರು ಎಂದು ಕೇಳಬಹುದು. ಮರೆತಿರಲಿಲ್ಲ. ತಾವು ಗ್ರಂಥಪಾಲಕಿ, ಅಷ್ಟೇ, ಎಂದುಕೊಂಡಿದ್ದರು. ಡಾಕ್ಟರುಗಳಿಗೆ ಹುಡುಕಿಕೊಡುವುದೂ ಅವರ ಮಟ್ಟಿಗೆ ಅದೇ ಕೆಲಸದ ಒಂದು ತುಂಡು. ಒಕ್ಕೂಟಕ್ಕೆ ಸೇರಿದ್ದು ಅಲ್ಲಿ ಹೇಳಿಕೊಡುತ್ತಿದ್ದ ಕಂಪ್ಯೂಟರ್ ಪಾಠಗಳಿಗೆ. ದೋಣಿಯ ಮಾತು ಆಡುವಾಗ ಅವರ ಕಣ್ಣ ಮುಂದಿದ್ದದ್ದು ಮೈದುನನ ಕಾಲುಗಳು, ತಮ್ಮದಲ್ಲ.

ಹೊಸ ಸದಸ್ಯತ್ವದ ಕಾರ್ಡುಗಳು ಮನೆಗೆ ಬಂದವು. ನೀಲಿ ಅಂಚಿನದು ಮೈದುನನಿಗೆ, ಪೂರ್ಣ ಸದಸ್ಯ. ಬೂದು ಅಂಚಿನದು ಮೇಡಂಗೆ, ಸಾಮಾನ್ಯ ಸದಸ್ಯೆ. ಮೇಡಂ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಯಜಮಾನರ ಕೈಗೆ ಕೊಟ್ಟು ಓದಿಸಿ, ಮತ್ತೆ ಕಿತ್ತುಕೊಂಡರು. ಅಷ್ಟರಲ್ಲಿ ಫೋನು. ಲೈಬ್ರರಿಗೆ ಕಬ್ಬಿಣದ ಕಪಾಟು ಸರಬರಾಜು ಮಾಡುವ ವ್ಯಾಪಾರಿ. ಎರಡು ಶಾಖೆಗೂ ಸೇರದ ಇಂಥವರನ್ನೂ ಅಧ್ಯಕ್ಷರು ಅದೇ ವರ್ಗಕ್ಕೆ ತುಂಬಿದ್ದರು. "ಮೇಡಂ, ನಂಗೂ ಕಾರ್ಡ್ ಬಂತು! ಸಾಮಾನ್ಯ ಸದಸ್ಯ ಅಂತೆ. ನಿಮ್ದೂ ಅದೇ ಅಂತ ಕೇಳ್ಪಟ್ಟೆ. ಇನ್ಮೇಲೆ ನಾವೂ ನೀವೂ ಒಂದೇ ಬಿಡಿ!"

ಮೇಡಂ ಫೋನಿಟ್ಟ ರಭಸಕ್ಕೆ ಅತ್ತೆಗೂ ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರು.

"ನೀನು ಹೇಗೋ ಪೂರ್ಣ ಆದೆ? ನೀನೇ ತಾನೇ ಎರಡೂ ಮಾಡ್ತೀನಿ ಅಂತ ಎದೆ ತಟ್ಟಿಕೊಂಡಿದ್ದು?"

"ಕೆಲಸ ಎರಡೂ ಮಾಡ್ತೀನಿ ಅತ್ತಿಗೆ. ಆದರೆ ಸಂಘಕ್ಕೆ ನಾನು ಯಾವತ್ತೋ ರಾಜೀನಾಮೆ ಕೊಟ್ಟಿದ್ದೆ. ಅಧ್ಯಕ್ಷರು ಕೆಲಸ ನೋಡಲಿಲ್ಲ, ಯಾರ ಹೆಸರು ಎರಡು ಕಡೆಯೂ ಇದೆ ಅಂತ ನೋಡಿದರು. ನಿಮ್ಮದು ಇತ್ತು." ಅವನಿಗೂ ಸಂಕೋಚವಾಗಿತ್ತು. "ಒಂದನ್ನ ಬಿಟ್ಟು ಬರೆದುಕೊಡಿ. ನಾಳೆನೇ ಪೂರ್ಣ ಸದಸ್ಯೆ ಆಗ್ತೀರಿ."

"ಬಿಟ್ಟರೆ ಮತ್ತೆ ಸೇರೋ ಹಾಗಿಲ್ಲ ಅಂತ ನಿಯಮ ಹಾಕಿದ್ದು ಯಾರು?"

ಅವನು ತಲೆ ಕೆರೆದುಕೊಂಡ. "ನಾನೇ."

ಇದಿಷ್ಟೇ ಆಗಿದ್ದರೆ ಮೇಡಂ ಕಾರ್ಡನ್ನು ಅಡುಗೆಮನೆಯ ಡಬ್ಬಿಯ ಹಿಂದೆ ಸೇರಿಸಿ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದರು. ಆದರೆ ಆಸ್ಪತ್ರೆಯ ಆಡಳಿತಾಧಿಕಾರಿಗೆ ಲೈಬ್ರರಿಯ ಮೇಲೆ ಮೊದಲಿನಿಂದಲೂ ಕಣ್ಣು. ಅವರು ಯಾವ ಕೋಣೆಗೆ ಬಂದರೂ ಮನುಷ್ಯರನ್ನು ನೋಡುತ್ತಿರಲಿಲ್ಲ, ಗೋಡೆಯಿಂದ ಗೋಡೆಗೆ ನೋಡುತ್ತಿದ್ದರು. ಮೇಡಂ ಅವರಿಗೆ ಅಳತೆ ಸಾಹೇಬರು ಎಂದು ಹೆಸರಿಟ್ಟಿದ್ದರು. ಎರಡು ಕಿಟಕಿ, ಲಿಫ್ಟಿನಿಂದ ಎರಡು ಹೆಜ್ಜೆ. ಬಿಲ್ಲಿಂಗ್ ಕೌಂಟರಿಗೆ ಇದಕ್ಕಿಂತ ಜಾಗವುಂಟೇ? ಈ ಸಲ ಅವರು ನಿಜವಾದ ಟೇಪನ್ನೇ ಹಿಡಿದುಕೊಂಡು ಬಂದರು.

"ಮೇಡಂ, ವೃತ್ತಿ ಸಂಸ್ಥೆಯ ಪೂರ್ಣ ಸದಸ್ಯರು ನಡೆಸಿದರೆ ಮಾತ್ರ ಅದು ಲೈಬ್ರರಿ. ನಮ್ಮ ನಿಯಮದಲ್ಲಿ ಹಾಗಿದೆ. ಇಲ್ಲದಿದ್ದರೆ ಇದು ಪುಸ್ತಕ ಇರೋ ಒಂದು ರೂಮು," ಎಂದರು ನಯವಾಗಿ. "ನೀವೀಗ ಸಾಮಾನ್ಯ ಅಂತಲ್ಲ?"

"ಯಾರು ಹೇಳಿದ್ರು?"

"ಕಪಾಟಿನವನು."

ಹೊಸ ಸಂಸ್ಥೆಯ ಮೊದಲ ಮಹಾಸಭೆ ಮುಗಿಯುವವರೆಗೆ ಗಡುವು ಕೊಟ್ಟು, ಕಿಟಕಿ ತಾತನ ಕುರ್ಚಿಯನ್ನು ಕಾಲಿನಿಂದ ಆಚೆ ಸರಿಸಿ, ಆ ಗೋಡೆಯನ್ನೂ ಅಳೆದುಕೊಂಡು ಹೋದರು. ತಾತ ಪುಸ್ತಕ ಎದೆಗವಚಿಕೊಂಡು ನಿಂತೇ ಇದ್ದರು. "ಇದು ಮೊದಲನೇ ಭಾಗ ಅಮ್ಮ. ಎರಡನೇದು ಸಿಗುತ್ತೆ ತಾನೇ?" ಎಂದು ಕೇಳಿದರು. ಸಿಗದೆ ಎಲ್ಲಿ ಹೋಗುತ್ತದೆ ಎಂದು ಮೇಡಂ ಗದರಿ, ಕುರ್ಚಿಯನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಎಳೆದರು.

ಒಂದು ಶಾಖೆ ಬಿಟ್ಟುಬಿಡು ಎಂದು ಎಲ್ಲರೂ ಹೇಳಿದರು. ಯಜಮಾನರು ಕೂಡ ಬಾಯಿ ಬಿಟ್ಟು ಹೇಳಿದರು. ಮೇಡಂ ಒಪ್ಪಲಿಲ್ಲ. ತಜ್ಞರ ಶಾಖೆ ಬಿಟ್ಟರೆ ಡಾಕ್ಟರುಗಳ ಹುಡುಕಾಟವನ್ನು ಅಳತೆ ಸಾಹೇಬರು ಕಂಪ್ಯೂಟರ್ ವಿಭಾಗಕ್ಕೆ ಎತ್ತಿ ಹಾಕುತ್ತಾರೆ. ಗ್ರಂಥಪಾಲಕರ ಶಾಖೆ ಬಿಡುವುದಂತೂ ಅವರಿಂದ ಆಗದ ಮಾತು. ಗಿರಣಿಯಲ್ಲಿ ಸಂಬಳಕ್ಕೆ ಮೊದಲು ಅವರಿಗೆ ಸಿಕ್ಕಿದ್ದು ಆ ಹೆಸರು. ಯಾರೂ ಲೈಬ್ರರಿ ಹುಡುಗಿ ಎನ್ನುತ್ತಿರಲಿಲ್ಲ, ಮಗ್ಗದವರೆಲ್ಲ ಗ್ರಂಥಪಾಲಕರೇ ಎಂದು ಕೂಗಿ ಕರೆಯುತ್ತಿದ್ದರು. "ನಾನು ಹಾಕಿಸಿದ ನಿಯಮ, ನಾನೇ ತೆಗೆಸ್ತೀನಿ," ಎಂದು ಮೇಡಂ ಹಟ ಹಿಡಿದರು. ಸಾಮಾನ್ಯ ಸದಸ್ಯರಿಗೆ ಠರಾವು ಮಂಡಿಸುವ ಹಕ್ಕಿರಲಿಲ್ಲ. ಹಾಗಾಗಿ ಮೈದುನನ ಕುತ್ತಿಗೆ ಮೇಲೆ ಕೂತು ಅವನ ಕೈಯಲ್ಲೇ ಠರಾವು ಬರೆಸಿದರು: ಎರಡೂ ಕೆಲಸ ಮಾಡುತ್ತಾ ಸಾಮಾನ್ಯ ವರ್ಗದಲ್ಲಿ ಇರುವವರೆಲ್ಲ ಇನ್ನು ಮುಂದೆ ಎರಡೂ ಶಾಖೆಗಳ ಪೂರ್ಣ ಸದಸ್ಯರು.

ಮಹಾಸಭೆಯ ದಿನ ಬಾಗಿಲಲ್ಲೇ ಒಬ್ಬ ನಿಂತು ಕಾರ್ಡು ನೋಡಿ ವಿಂಗಡಿಸುತ್ತಿದ್ದ. ನೀಲಿ ಅಂಚಿನವರು ಮುಂದೆ, ಮೆತ್ತೆಯ ಕುರ್ಚಿಗೆ. ಬೂದು ಅಂಚಿನವರು ಹಿಂದೆ. ಮೇಡಂ ಹಿಂದೆ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಕಾಲೇಜಿನವರು, ಬ್ಯಾಂಕಿನವರು, ಕೋರ್ಟಿನವರು, ಪತ್ರಿಕಾ ಕಚೇರಿಯವರು, ಗುರುತಿನ ಮುಖಗಳೆಲ್ಲ ಅಲ್ಲೇ. ಕುರ್ಚಿ ಸಾಲದೆ ಗೋಡೆಗೆ ಒರಗಿದ್ದರು, ಕಿಟಕಿ ಕಟ್ಟೆಯ ಮೇಲೆ ಹತ್ತಿದ್ದರು. ಕಪಾಟಿನ ವ್ಯಾಪಾರಿ ಕೈ ಬೀಸಿ ಪಕ್ಕದಲ್ಲಿ ಜಾಗ ಹಿಡಿದಿದ್ದೇನೆ ಎಂದು ಸನ್ನೆ ಮಾಡಿದ. ಮುಂದಿನ ಮೆತ್ತೆಯ ಕುರ್ಚಿಗಳೋ, ಬಣಗುಟ್ಟುತ್ತಿದ್ದವು.

ಮೇಡಂಗೆ ಆಗ ಹೊಳೆಯಿತು. ಈ ಕಾಲದಲ್ಲಿ ಎರಡೂ ಕೆಲಸ ಮಾಡದವರು ಯಾರಿದ್ದಾರೆ? ಪುಸ್ತಕ ಕೊಡುವವರೆಲ್ಲ ಕಂಪ್ಯೂಟರಿನಲ್ಲೂ ಹುಡುಕುತ್ತಾರೆ, ಪಾಠ ಕಲಿಯಲು ಒಕ್ಕೂಟಕ್ಕೂ ಸೇರಿದ್ದಾರೆ. ತೀರ್ಮಾನವಾಗದ್ದನ್ನೆಲ್ಲ ಸಾಮಾನ್ಯ ಕಪಾಟಿಗೆ ತುರುಕಿದರೆ ಹಲಗೆ ಮುರಿಯುತ್ತದೆ ಎಂದು ಅವರು ತಮ್ಮ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಬಡಕೊಂಡಿದ್ದರು. ಅದನ್ನೇ ತಾವು ಮಾಡಿದ್ದರು, ಅದೂ ಮೈದುನನ ಮೇಲಿನ ಸಿಟ್ಟಿಗೆ.

ಅಧ್ಯಕ್ಷರು ಮುಂದಿನ ಸಾಲನ್ನು ಎಣಿಸಿದರು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಸಭೆ ನಡೆಯಬೇಕಾದರೆ ಎರಡೂ ಶಾಖೆಗಳಿಂದ ಇಷ್ಟಿಷ್ಟು ಪೂರ್ಣ ಸದಸ್ಯರು ಇರಲೇಬೇಕು. ಗ್ರಂಥಪಾಲಕರ ಕಡೆ ಹೇಗೋ ಸರಿಹೋಯಿತು, ಎಲ್ಲ ಹಳೆಯ ತಲೆಗಳು. ತಜ್ಞರ ಕಡೆ ಒಬ್ಬರು ಕಡಿಮೆ.

"ಕೋರಂ ಇಲ್ಲ," ಎಂದರು ಅಧ್ಯಕ್ಷರು. "ಸಭೆ ಮುಂದಕ್ಕೆ. ನಿಯಮದ ಪ್ರಕಾರ ಮುಂದಿನ ವರ್ಷ."

ಸಭೆ ಭುಗಿಲೆದ್ದಿತು. ಇಷ್ಟು ಜನ ಇದ್ದೇವಲ್ಲ ಎಂದರು ಹಿಂದಿನವರು. ನೀವು ಲೆಕ್ಕಕ್ಕಿಲ್ಲ ಎಂದರು ಅಧ್ಯಕ್ಷರು. ಲೆಕ್ಕಕ್ಕೆ ಸೇರಿಸುವ ಠರಾವು ಇದೆಯಲ್ಲ ಎಂದರು. ಅದನ್ನು ಪಾಸು ಮಾಡಲು ಸಭೆ ಬೇಕು, ಸಭೆಗೆ ಕೋರಂ ಬೇಕು, ಕೋರಂಗೆ ನೀವು ಲೆಕ್ಕಕ್ಕಿಲ್ಲ. ಇದನ್ನು ಅವರು ಪುಸ್ತಕದ ಪರಿವಿಡಿ ಓದುವಷ್ಟು ಶಾಂತವಾಗಿ ಹೇಳಿದರು. ಮೇಡಂಗೆ ಹೋಗಿ ಅವರ ಮೇಜನ್ನೇ ಮಗುಚಿ ಹಾಕುವಷ್ಟು ಸಿಟ್ಟು ಬಂತು.

ಒಂದು ದಾರಿ ಇತ್ತು. ಸಾಮಾನ್ಯ ಸದಸ್ಯರಲ್ಲಿ ಒಬ್ಬರು ಈಗಲೇ ಗ್ರಂಥಪಾಲಕರ ಶಾಖೆ ಬಿಟ್ಟರೆ ತಜ್ಞರ ಕಡೆ ಪೂರ್ಣ ಸದಸ್ಯರಾಗುತ್ತಾರೆ, ಕೋರಂ ತುಂಬುತ್ತದೆ. ಅಧ್ಯಕ್ಷರು ಅದನ್ನು ಹೇಳಿ ಕೇಳಿದರು, ಯಾರಾದರೂ ಇದ್ದೀರಾ? ಹಿಂದಿನ ಸಾಲುಗಳಲ್ಲಿ ಎಲ್ಲರೂ ಅಕ್ಕಪಕ್ಕದವರ ಮುಖ ನೋಡಿದರು. ಬಿಟ್ಟರೆ ಜೀವಮಾನಕ್ಕೆ ಬಿಟ್ಟಂತೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಎರಡೂ ಬೇಕು, ನಿವೃತ್ತಿ ಹತ್ತಿರವಾದವರಿಗೆ ಹಳೆಯದನ್ನು ಬಿಡಲು ಮನಸ್ಸಿಲ್ಲ. ಮುಂದೆ ಮೈದುನ ಹಿಂದೆ ತಿರುಗಿ ಅತ್ತಿಗೆಯನ್ನು ಹುಡುಕಿ, ಬೇಡ ಎನ್ನುವಂತೆ ತಲೆಯಾಡಿಸಿದ. ಅಧ್ಯಕ್ಷರು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು.

ಮುಂದಿನ ವರ್ಷದ ಹೊತ್ತಿಗೆ ಆ ಕೋಣೆಯಲ್ಲಿ ಬಿಲ್ಲಿಂಗ್ ಕೌಂಟರು ಇರುತ್ತದೆ. ತಾತನ ಕುರ್ಚಿಯಲ್ಲಿ ಇನ್ನಾರೋ ಕೂತು ರಸೀತಿ ಹರಿಯುತ್ತಿರುತ್ತಾರೆ. ಮೇಡಂ ಎದ್ದು ನಿಂತರು.

"ನಾನು ಬಿಡ್ತೀನಿ."

"ಯಾವುದನ್ನ ಅಂತ ಬಾಯಿಬಿಟ್ಟು ಹೇಳಬೇಕಮ್ಮ. ದಾಖಲಾಗಬೇಕು."

"ಗ್ರಂಥಪಾಲಕರ ಶಾಖೆಯನ್ನ ಬಿಟ್ಟೆ! ಕೇಳಿಸ್ತಾ? ಬಿಟ್ಟೆ!"

ಮೈಕು ಅವರ ಕೈಯಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಷ್ಟು ದಿನ ಮೆಲ್ಲಗೆ ಎಂದು ಹೇಳುತ್ತಿದ್ದ ಅಧ್ಯಕ್ಷರು ಈ ಸಲ ಕೇಳಿದ್ದನ್ನು ಹಾಗೇ ಬರೆದುಕೊಂಡರು. ಮೇಡಂ ಜನರನ್ನು ಸರಿಸಿಕೊಂಡು ಮುಂದೆ ನಡೆದು, ಮೈದುನನ ಪಕ್ಕದ ಖಾಲಿ ಮೆತ್ತೆಯ ಮೇಲೆ ಧೊಪ್ಪನೆ ಕೂತರು.

ಮುಂದಿನದೆಲ್ಲ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಠರಾವು ಪಾಸಾಯಿತು. ಎರಡೂ ಕೆಲಸ ಮಾಡುವವರೆಲ್ಲ ಎರಡೂ ಶಾಖೆಗಳ ಪೂರ್ಣ ಸದಸ್ಯರಾದರು. ಹಿಂದಿನವರು ಕುರ್ಚಿಗಳನ್ನು ಎಳೆದುಕೊಂಡು ಮುಂದೆ ಬಂದರು. ಸಾಮಾನ್ಯ ವರ್ಗದಲ್ಲಿ ಕಪಾಟಿನ ವ್ಯಾಪಾರಿಯೂ ಅವನಂಥ ಇನ್ನೂ ಕೆಲವರೂ ಉಳಿದರು. ಮೈದುನ ಎದ್ದು, "ಅಧ್ಯಕ್ಷರೇ, ಹಾಗೇ ಆ ಮತ್ತೆ ಸೇರುವಂತಿಲ್ಲ ಅನ್ನೋ ನಿಯಮವನ್ನೂ ತೆಗೆದುಬಿಡೋಣ," ಎಂದ.

"ಅಜೆಂಡಾದಲ್ಲಿ ಇಲ್ಲ," ಎಂದರು ಅಧ್ಯಕ್ಷರು. ಅವರಿಗೂ ಕೆಡುಕೆನಿಸಿತ್ತು. "ಮೇಡಂ ಸಾಮಾನ್ಯ ವರ್ಗದಲ್ಲಿ ಈಗಿಲ್ಲವಲ್ಲ. ಇದ್ದಿದ್ದರೆ ಅವರಿಗೂ ಎರಡೂ ಸಿಗುತ್ತಿತ್ತು."

"ನನಗೆ ಗೊತ್ತು ಸಾರ್. ಠರಾವು ಬರೆಸಿದ್ದು ನಾನೇ," ಎಂದರು ಮೇಡಂ.

ಮನೆಗೆ ಮೈದುನನ ಸ್ಕೂಟರಿನಲ್ಲಿ ಬಂದರು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ತಿರುಗದೆಯೇ ಕೇಳಿದ. "ಆ ಸಾಮಾನ್ಯ ಕಪಾಟಿನ ನಿಯಮ ನನಗೇ ಅಂತ ತಾನೇ ಹಾಕಿಸಿದ್ದು ಅತ್ತಿಗೆ?"

"ಹೌದು ಕಣೋ. ಮತ್ತಿನ್ಯಾರಿಗೆ?"

"ನಂದೂ ನಿಮ್ಮನ್ನ ನೆನೆಸಿಕೊಂಡೇ ಹಾಕಿದ್ದು."

ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಹಸಿರು ಬಿದ್ದದ್ದನ್ನು ಇಬ್ಬರೂ ನೋಡಿರಲಿಲ್ಲ. ಮನೆ ತಲುಪಿದ ಮೇಲೆ ಅವನು ಮೇಲೆ ಹೋಗದೆ ಅಡುಗೆಮನೆಯಲ್ಲೇ ನಿಂತು, ಕೇಳದಿದ್ದರೂ ಈರುಳ್ಳಿ ಹೆಚ್ಚಿಕೊಟ್ಟ.

ನೀಲಿ ಅಂಚಿನ ಕಾರ್ಡನ್ನು ಮೇಡಂ ಅಳತೆ ಸಾಹೇಬರ ಮೇಜಿನ ಮೇಲೆ ಬಡಿದಿಟ್ಟರು. ಸಾಹೇಬರು ಓದಿ, ಟೇಪನ್ನು ಡ್ರಾಯರಿಗೆ ಹಾಕಿದರು. ಕೋಣೆ ಉಳಿಯಿತು. ಆದರೆ ಅವರು ಸುಮ್ಮನೆ ಸೋಲುವ ಪೈಕಿಯಲ್ಲ. ಕಾರ್ಡನ್ನು ಇನ್ನೊಮ್ಮೆ ಓದಿ, "ಮಾಹಿತಿ ತಜ್ಞೆ ಅಂತಿದೆ. ಗ್ರಂಥಪಾಲಕಿ ಅಂತ ಇಲ್ಲ," ಎಂದರು. "ಹಾಗಾದರೆ ಕಥೆ ಪುಸ್ತಕ ಕೊಡೋದು ನಿಮ್ಮ ಕೆಲಸ ಅಲ್ಲ. ಗ್ರಂಥಪಾಲಕರನ್ನು ನೇಮಿಸೋವರೆಗೂ ಆ ಬೀರುಗಳಿಗೆ ಬೀಗ ಹಾಕಿ, ಕೀಲಿಕೈ ಇಲ್ಲಿ ಕೊಡಿ." ಯಾವಾಗ ನೇಮಿಸುತ್ತಾರೆ ಎಂದು ಕೇಳುವಷ್ಟು ಮೇಡಂ ದಡ್ಡರಾಗಿರಲಿಲ್ಲ. ಬಾಗಿಲ ಮೇಲಿನ ಲೈಬ್ರರಿ ಎಂಬ ಬೋರ್ಡನ್ನು ಬಡಗಿ ಬಂದು ಕಿತ್ತ. ಮಾಹಿತಿ ಕೇಂದ್ರ ಎಂಬ ಹೊಸದನ್ನು ಹೊಡೆಯುವವರೆಗೂ ಮೇಡಂ ಕೆಳಗೆ ನಿಂತು, ಓರೆಯಾಯಿತು, ಇನ್ನೂ ಓರೆಯಾಯಿತು ಎಂದು ಅವನ ಜೀವ ಹಿಂಡಿದರು. ಅವನು ಹೋದ ಮೇಲೆ ಹಳೆಯ ಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸಿ ಬೀರುವಿನ ಹಿಂದೆ ಇಟ್ಟರು. ಆಗ ಅತ್ತರು. ಅದನ್ನು ಯಾರೂ ನೋಡಲಿಲ್ಲ.

ಬೀರುಗಳಿಗೆ ಬೀಗ ಬಿತ್ತು, ಕೀಲಿಕೈಯೂ ಸಾಹೇಬರ ಕೈ ಸೇರಿತು. ಬೀರುವಿನೊಳಗೆ ಹಳೆಯ ದೂರವಾಣಿ ಡೈರೆಕ್ಟರಿಗಳು ಸಾಲಾಗಿ ನಿಂತಿದ್ದವು. ಕಾದಂಬರಿಗಳೆಲ್ಲ ಮೇಡಂ ಮೇಜಿನ ಕೆಳಗೆ, ಸಲೈನ್ ಬಾಟಲಿಯ ಖಾಲಿ ಪೆಟ್ಟಿಗೆಗಳಲ್ಲಿ ಇದ್ದವು.

ಮಧ್ಯಾಹ್ನ ಕಿಟಕಿ ತಾತ ಬಂದರು. ಬೋರ್ಡು ನೋಡಿ ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತರು. ಮೊದಲನೇ ಭಾಗ ಅವರ ಕಂಕುಳಲ್ಲಿತ್ತು.

"ಇದು ಮುಗೀತಮ್ಮ. ಅವಳು ರಾತ್ರಿಯಿಂದ ಬೆರಳು ಅಲ್ಲಾಡಿಸ್ತಾನೇ ಇದಾಳೆ," ಎಂದರು ಗಟ್ಟಿಯಾಗಿ. "ಇಲ್ಲಿ ಇನ್ಮೇಲೆ ಪುಸ್ತಕ ಕೊಡಲ್ವಂತೆ?"

ಹೊರಗೆ ಕಾರಿಡಾರಿನಲ್ಲಿ ಅಳತೆ ಸಾಹೇಬರ ಬೂಟಿನ ಸದ್ದು ಕೇಳುತ್ತಿತ್ತು. ಮೈಕ್ ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಕುರ್ಚಿಯಿಂದ ಬಗ್ಗಿ ಪೆಟ್ಟಿಗೆಯಲ್ಲಿ ತಡಕಾಡಿ, ಎರಡನೇ ಭಾಗವನ್ನು ಎಕ್ಸ್‌ರೇ ಕವರಿನೊಳಗೆ ಜಾರಿಸಿ ತಾತನ ಕೈಗಿಟ್ಟರು.

"ಮೆಲ್ಲಗೆ ಮಾತಾಡಿ ತಾತ," ಎಂದರು.

ತಾತ ಗಾಬರಿಯಾದರು. "ನಿಮ್ಮ ಗಂಟಲಿಗೆ ಏನಾಯ್ತಮ್ಮ?"

"ಏನೂ ಆಗಿಲ್ಲ. ಹೋಗಿ ಓದಿ. ಮುಗಿದ ಕೂಡಲೇ ತಂದುಕೊಡಿ, ಬೋರಲು ಹಾಕಬೇಡಿ."

ಕೆಳಗೆ ಮೂಳೆ ವಿಭಾಗದ ಬೆಂಚಿನ ಮೇಲೆ ಕೂತವರಿಗೆ ಅದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.